ಬೈಕಿನ ಬ್ಯಾಟರಿಗೆ ಕೂಲರ್ ಬಾಕ್ಸ್ ಕಟ್ಟುವ ಮುಂಚೆ

ಸಕಲೇಶಪುರದಲ್ಲಿ ತಿಂಡಿಗೆ ನಿಲ್ಲಿಸಿದ್ದೆ. ಬೈಕಿನ ಹಿಂದಿನ ಸೀಟಿನ ಮೇಲೆ ಬಿಗಿದು ಕಟ್ಟಿದ ಎಂಟು ಲೀಟರಿನ ಕೂಲರ್ ಬಾಕ್ಸ್. ಅದರ ವಯರು ಸೀಟಿನ ಕೆಳಗೆ ನುಸುಳಿ ನೇರ ಬ್ಯಾಟರಿಗೆ ಹೋಗಿತ್ತು. ಒಳಗೆ ಸುಳ್ಯದ ಹತ್ತಿರ ಹಳ್ಳಿಯಲ್ಲಿರುವ ಚಿಕ್ಕಮ್ಮನಿಗೆ ಒಂದು ತಿಂಗಳಿಗಾಗುವಷ್ಟು ಇನ್ಸುಲಿನ್, ಒಂದು ಡಬ್ಬಿ ಗಟ್ಟಿ ಮೊಸರು, ಎರಡು ಬಾಟಲಿ ನೀರು. ತಂಪು ಹೋಗಬಾರದು ಅಂತ ಕೂಲರ್ ಆಫ್ ಮಾಡದೆ ಹೋಟೆಲಿನ ಒಳಗೆ ಹೋದೆ. ಅಕ್ಕಿರೊಟ್ಟಿ, ಕಾಫಿ, ಪಕ್ಕದ ಟೇಬಲ್ಲಿನವರ ಜೊತೆ ಒಂದಿಷ್ಟು ಮಾತು. ಐವತ್ತು ನಿಮಿಷ ಆಗಿರಬೇಕು. ಹೊರಗೆ ಬಂದು ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಟಿಕ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೀಟರಿನ ದೀಪ ಮಂಕಾಗಿ ಒಮ್ಮೆ ಮಿನುಗಿ ಆರಿತು.

ಕಿಕ್ಕರ್ ಇಲ್ಲದ ಬೈಕು. ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಅದೂ ಆಗಲಿಲ್ಲ. ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಪಂಪಿಗೂ ಕರೆಂಟು ಬೇಕು, ಒಳಗಿನ ಕಂಪ್ಯೂಟರಿಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಮಲಗಿದರೆ ಇಳಿಜಾರಿನಲ್ಲಿ ಬಿಟ್ಟರೂ ಇಂಜಿನ್ ಏಳುವುದಿಲ್ಲ. ಕೊನೆಗೆ ಹತ್ತಿರದ ಗ್ಯಾರೇಜಿನ ಹುಡುಗ ಬೇರೆ ಬ್ಯಾಟರಿ ತಂದು ವಯರು ಹಿಡಿದು ಸ್ಟಾರ್ಟ್ ಮಾಡಿಕೊಟ್ಟ. ಅವನು ಕೇಳಿದ ಒಂದು ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. "ಅಣ್ಣಾ, ಇದು ಎಷ್ಟು ಎಳೀತದೆ, ಗಾಡಿ ಎಷ್ಟು ಕೊಡ್ತದೆ, ನೋಡಿದ್ದೀರಾ?"

ನಾನು ನೋಡಿರಲಿಲ್ಲ. ಅಲ್ಲಿಂದೀಚೆಗೆ ಓದಿ, ಅಳೆದು, ಕಟ್ಟಿ, ಬಿಚ್ಚಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ದೂರ ಹೋಗುವವರು, ಔಷಧಿ ಒಯ್ಯುವವರು, ಕ್ಯಾಂಪಿಂಗ್ ಹುಚ್ಚಿನವರು ಬಹಳ ಜನ ಈ ಚಿಕ್ಕ 12 ವೋಲ್ಟಿನ ಕೂಲರ್ ಬಾಕ್ಸುಗಳನ್ನು ತಗೊಳ್ಳುತ್ತಿದ್ದಾರೆ. ಇವು ಕಾರಿಗೆ ಅಂತ ಮಾಡಿದವು. ಕಾರಿನ ಲೆಕ್ಕ ಬೇರೆ, ಬೈಕಿನ ಲೆಕ್ಕ ಬೇರೆ.

ಬೈಕಿನ ಕರೆಂಟು ಎಲ್ಲಿಂದ ಬರುತ್ತದೆ

ಬೈಕಿಗೆ ಕರೆಂಟು ಕೊಡುವುದು ಬ್ಯಾಟರಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಗಾಡಿ ಓಡುವಾಗ ಕರೆಂಟು ಕೊಡುವುದು ಬ್ಯಾಟರಿಯಲ್ಲ, ಇಂಜಿನ್. ಸಾಮಾನ್ಯವಾಗಿ ಇಂಜಿನ್ನಿನ ಎಡಗಡೆಯ ದುಂಡು ಕವರಿನ ಒಳಗೆ ತಾಮ್ರದ ಕಾಯಿಲುಗಳ ಒಂದು ಚಕ್ರ ಅಲ್ಲಾಡದೆ ಕೂತಿರುತ್ತದೆ. ಇದು ಸ್ಟೇಟರ್. ಅದರ ಸುತ್ತ ಮ್ಯಾಗ್ನೆಟ್ ಅಂಟಿಸಿದ ಬಟ್ಟಲು ಕ್ರ್ಯಾಂಕಿನ, ಅಂದರೆ ಇಂಜಿನ್ನಿನ ತಿರುಗುವ ದಂಡದ, ಜೊತೆ ತಿರುಗುತ್ತದೆ. ಮ್ಯಾಗ್ನೆಟ್ ತಿರುಗಿದಾಗ ಕಾಯಿಲಿನಲ್ಲಿ ಎಸಿ ಕರೆಂಟು ಹುಟ್ಟುತ್ತದೆ. ಅಲ್ಲಿಂದ ಅದು ರೆಗ್ಯುಲೇಟರ್ ರೆಕ್ಟಿಫೈಯರ್ ಅನ್ನುವ ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ಡಬ್ಬಿಗೆ ಬಂದು, ಡಿಸಿ ಆಗಿ, ಸುಮಾರು 14 ವೋಲ್ಟಿಗೆ ಕಟ್ಟುಬಿದ್ದು ಮುಂದೆ ಹೋಗುತ್ತದೆ. ಬ್ಯಾಟರಿಯ ಮುಖ್ಯ ಕೆಲಸ ಎರಡೇ. ಇಂಜಿನ್ ಎಬ್ಬಿಸುವುದು, ಮತ್ತು ಇಂಜಿನ್ ನಿಧಾನ ತಿರುಗುವಾಗ ಕೊರತೆ ತುಂಬುವುದು.

ಈ ರೆಗ್ಯುಲೇಟರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಹೆಚ್ಚಿನ ಬೈಕುಗಳಲ್ಲಿ ಇರುವುದು ಶಂಟ್ ಮಾದರಿಯದು. ಸ್ಟೇಟರ್ ತನ್ನ ಕೈಲಾದಷ್ಟು ಕರೆಂಟು ಹುಟ್ಟಿಸುತ್ತಲೇ ಇರುತ್ತದೆ. ಗಾಡಿಗೆ ಬೇಡವಾದದ್ದನ್ನು ರೆಗ್ಯುಲೇಟರ್ ಶಾರ್ಟ್ ಮಾಡಿ ಬಿಸಿಯಾಗಿ ಕಳೆದುಬಿಡುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಆ ಡಬ್ಬಿಯ ಮೇಲೆ ಕೈ ಇಟ್ಟರೆ ಚುರ್ ಅನ್ನುವುದು ಅದಕ್ಕೇ. ಅಂದರೆ ಹೈವೇಯಲ್ಲಿ ಹೋಗುವಾಗ ಉಳಿಯುವ ಕರೆಂಟು ಹೇಗೂ ಪೋಲಾಗುತ್ತಿರುತ್ತದೆ. ಅದನ್ನು ನಾವು ಬಳಸಿಕೊಂಡರೆ ಪೆಟ್ರೋಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ, ಸ್ಟೇಟರಿಗೂ ಹೊಸ ಹೊರೆ ಅಂತ ಬೀಳುವುದಿಲ್ಲ. ಕೂಲರ್ ಹಾಕಬೇಕು ಅನ್ನುವವರಿಗೆ ಇದು ಒಳ್ಳೆ ಸುದ್ದಿ. ಆದರೆ ಉಳಿಯುವುದು ಎಷ್ಟು?

350 ಸಿಸಿ ಆಸುಪಾಸಿನ ಒಂದು ಗಾಡಿಯ ಸ್ಟೇಟರ್ 200 ವ್ಯಾಟ್ ಕೊಡುತ್ತದೆ ಅಂತ ಲೆಕ್ಕಕ್ಕೆ ಹಿಡಿಯೋಣ. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು, ಮ್ಯಾನುಯಲ್ಲಿನಲ್ಲಿ ನೋಡಿಕೊಳ್ಳಿ. ಹ್ಯಾಲೋಜನ್ ಹೆಡ್‌ಲೈಟ್ ಲೋ ಬೀಮಿಗೆ 55 ವ್ಯಾಟ್. ಅದನ್ನು ಆರಿಸಿ ಉಳಿಸೋಣ ಅಂದರೆ ಆಗುವುದಿಲ್ಲ, 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಿ ಇಂಜಿನ್ ಆನ್ ಇದ್ದಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ. ಪೆಟ್ರೋಲ್ ಪಂಪು, ಇಂಜೆಕ್ಟರು, ಸ್ಪಾರ್ಕು, ಕಂಪ್ಯೂಟರು ಎಲ್ಲ ಸೇರಿ ಒಂದು 55. ಟೇಲ್ ಲೈಟು, ಮೀಟರು, ಎಬಿಎಸ್ ಒಂದು 15. ಬ್ಯಾಟರಿ ತುಂಬಿಸಲು ಇನ್ನೊಂದು 15. ಒಟ್ಟು 140 ಆಯಿತು. ಉಳಿದದ್ದು 60. ಹಾರ್ನು, ಬ್ರೇಕ್ ಲೈಟು, ಇಂಡಿಕೇಟರು ಆಗಾಗ ಬಂದು ಹೋಗುತ್ತವೆ, ಅವನ್ನು ಬಿಡಿ. ಆದರೆ ಮೊಬೈಲ್ ಚಾರ್ಜರ್ ಇದ್ದರೆ ಹತ್ತು ಕಳೆಯಿರಿ. ಫಾಗ್ ಲ್ಯಾಂಪ್ ಹಾಕಿಸಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಆ 200 ವ್ಯಾಟ್ ಬರುವುದು ಇಂಜಿನ್ ಚೆನ್ನಾಗಿ ತಿರುಗುವಾಗ ಮಾತ್ರ. ಸಿಗ್ನಲ್ಲಿನಲ್ಲಿ ನಿಂತು ಇಂಜಿನ್ ಐಡಲ್ ಆದಾಗ ಅದು ಅರ್ಧಕ್ಕೆ, ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಗಾಡಿಯ ಸ್ವಂತ ಖರ್ಚಿಗೇ ಸಾಲುವುದಿಲ್ಲ, ಬ್ಯಾಟರಿ ಕೈಯಿಂದ ಹಾಕುತ್ತದೆ. ಅದರ ಮೇಲೆ ಕೂಲರ್ ಹೇರಿದರೆ ಏನಾಗುತ್ತದೆ ಅಂತ ಬೆಂಗಳೂರಿನ ಸಂಜೆ ಟ್ರಾಫಿಕ್ಕಿನಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಬ್ಯಾಟರಿ ಸಕಲೇಶಪುರದಲ್ಲಿ ಮಲಗಿದ್ದಕ್ಕೆ ತಿಂಡಿಯ ಐವತ್ತು ನಿಮಿಷ ಮಾತ್ರ ಕಾರಣವಲ್ಲ. ಅದಕ್ಕೂ ಮುಂಚೆ ರಸ್ತೆ ಕೆಲಸ ನಡೆಯುವ ಕಡೆ ಲಾರಿಗಳ ಹಿಂದೆ ಒಂದು ಗಂಟೆ ಆಮೆ ವೇಗದಲ್ಲಿ ಬಂದಿದ್ದೆ. ಬ್ಯಾಟರಿ ಆಗಲೇ ಅರೆಹೊಟ್ಟೆಯಲ್ಲಿತ್ತು. ಹಳೆಯದೂ ಆಗಿತ್ತು.

ಬಿಎಂಡಬ್ಲ್ಯು ಆರ್ 1250 ಜಿಎಸ್ ಥರದ ದೊಡ್ಡ ಟೂರಿಂಗ್ ಬೈಕಿನ ಆಲ್ಟರ್ನೇಟರ್ 510 ವ್ಯಾಟಿನದು. ಬಿಸಿ ಹಿಡಿಕೆ, ಬಿಸಿ ಜಾಕೆಟ್ಟು ಎಲ್ಲ ಹಾಕಿಕೊಂಡು ಚಳಿದೇಶಗಳಲ್ಲಿ ಓಡಾಡುವವರಿಗಾಗಿ ಮಾಡಿದ್ದು. ಅಂಥ ಗಾಡಿಯವರು ಇಂಟರ್ನೆಟ್ಟಿನಲ್ಲಿ "ನಾನು ಹಾಕಿದೆ, ಏನೂ ಆಗಲಿಲ್ಲ" ಅಂದರೆ ಅದು ಅವರ ಗಾಡಿಯ ಮಾತು. 100 ಸಿಸಿ, 125 ಸಿಸಿ ಗಾಡಿಗಳಿಗೆ, ಸ್ಕೂಟರುಗಳಿಗೆ ಈ ಕೆಲಸ ಬೇಡವೇ ಬೇಡ. ಅವುಗಳ ಬ್ಯಾಟರಿ 3-4 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ) ಇರುತ್ತದೆ ಅಷ್ಟೇ. ಹಳೆಯ ಮಾದರಿಗಳಲ್ಲಂತೂ ಹೆಡ್‌ಲೈಟು ಸ್ಟೇಟರಿನಿಂದ ನೇರ ಎಸಿಯಲ್ಲಿ ಉರಿಯುತ್ತದೆ, ಬ್ಯಾಟರಿಗೆ ಸಿಗುವುದು ಒಂದು ಸಣ್ಣ ಪಾಲು. ರೇಸ್ ಕೊಟ್ಟಾಗ ಲೈಟು ಜೋರಾಗಿ, ಬಿಟ್ಟಾಗ ಮಂಕಾಗುವ ಗಾಡಿಗಳು ನೆನಪಿವೆ ಅಲ್ವಾ? ಅವೇ.

ಕೂಲರ್ ಎಷ್ಟು ಎಳೆಯುತ್ತದೆ, ಎಷ್ಟು ತಣಿಸುತ್ತದೆ

ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಹಗುರ ಕೂಲರ್ ಬಾಕ್ಸುಗಳ ಒಳಗೆ ಕಂಪ್ರೆಸರ್ ಇರುವುದಿಲ್ಲ, ಗ್ಯಾಸ್ ಇರುವುದಿಲ್ಲ. ಒಂದು ಚಿಕ್ಕ ಬಿಳಿ ಬಿಲ್ಲೆ ಇರುತ್ತದೆ. ನಾಲ್ಕು ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲ, ಬಿಸ್ಕತ್ತಿಗಿಂತ ತೆಳ್ಳಗೆ. ಇದು ಪೆಲ್ಟಿಯರ್ ಮಾಡ್ಯೂಲ್. ಗಡಿಯಾರ ರಿಪೇರಿಯ ವೃತ್ತಿಯಿಂದ ಭೌತಶಾಸ್ತ್ರಕ್ಕೆ ಬಂದ ಫ್ರಾನ್ಸಿನ ಜೀನ್ ಪೆಲ್ಟಿಯರ್ 1834ರಲ್ಲಿ ಇದರ ಹಿಂದಿನ ಗುಟ್ಟು ಕಂಡುಹಿಡಿದರು. ಎರಡು ಬೇರೆ ಬೇರೆ ಲೋಹ ಸೇರುವ ಜಾಗದಲ್ಲಿ ಕರೆಂಟು ಹರಿಸಿದರೆ ಒಂದು ಕಡೆ ತಣ್ಣಗಾಗುತ್ತದೆ, ಇನ್ನೊಂದು ಕಡೆ ಬಿಸಿಯಾಗುತ್ತದೆ. ಈಗಿನ ಬಿಲ್ಲೆಗಳಲ್ಲಿ ಲೋಹದ ಬದಲು ಬಿಸ್ಮತ್ ಟೆಲ್ಯೂರೈಡಿನ ಪುಟ್ಟ ತುಂಡುಗಳಿರುತ್ತವೆ. ಎಲ್ಲೆಡೆ ಸಿಗುವ ಮಾದರಿಯಲ್ಲಿ 127 ಜೋಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿಯೂ ಸಿಗುತ್ತದೆ. ಬಿಸಿಯಾಗುವ ಕಡೆಗೆ ಹೀಟ್ ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ಅಲ್ಯೂಮಿನಿಯಂ ರೆಕ್ಕೆಗಳು) ಜೋಡಿಸದೆ, ಸುಮ್ನೆ ಕೈಯಲ್ಲಿ ಹಿಡಿದು 12 ವೋಲ್ಟ್ ಕೊಟ್ಟು ನೋಡಬೇಡಿ. ಕೆಲವೇ ಸೆಕೆಂಡಿನಲ್ಲಿ ಕೈ ಸುಡುತ್ತದೆ, ಬಿಲ್ಲೆಯೂ ಹಾಳಾಗುತ್ತದೆ.

ಪೆಲ್ಟಿಯರ್ ನೋಡಲು ಚಂದ, ಸದ್ದಿಲ್ಲ, ಅಲ್ಲಾಡುವ ಭಾಗ ಅಂದರೆ ಫ್ಯಾನ್ ಮಾತ್ರ. ಆದರೆ ತುಂಬಾ ದುಬಾರಿ ಕೆಲಸಗಾರ. 55 ವ್ಯಾಟ್ ಕರೆಂಟು ತಿಂದು ಪೆಟ್ಟಿಗೆಯಿಂದ ಹೊರಗೆ ಸಾಗಿಸುವ ಬಿಸಿ ಸುಮಾರು 20 ವ್ಯಾಟ್. ತಿಂದ 55, ಸಾಗಿಸಿದ 20, ಎರಡೂ ಸೇರಿ 75 ವ್ಯಾಟ್ ಬಿಸಿ ಹಿಂದಿನ ಫ್ಯಾನಿನಿಂದ ಹೊರಗೆ ಬರುತ್ತದೆ. ಕಂಪ್ರೆಸರ್ ಇರುವ ಪುಟ್ಟ ಫ್ರಿಜ್ಜು ಅಷ್ಟೇ ಕರೆಂಟಿನಲ್ಲಿ ಇದರ ಮೂರು ಪಟ್ಟು ಕೆಲಸ ಮಾಡುತ್ತದೆ. ಇನ್ನೊಂದು ಮಿತಿಯೂ ಇದೆ. ಪೆಲ್ಟಿಯರ್ ಬಾಕ್ಸು ಹೊರಗಿನ ಬಿಸಿಗಿಂತ 15ರಿಂದ 20 ಡಿಗ್ರಿ ಕೆಳಗೆ ಇಳಿಸಬಲ್ಲದು, ಅದಕ್ಕಿಂತ ಜಾಸ್ತಿ ಇಲ್ಲ. ಮಡಿಕೇರಿಯಲ್ಲಿ ಹೊರಗೆ 22 ಡಿಗ್ರಿ ಇದ್ದಾಗ ಒಳಗೆ ಐದು ಡಿಗ್ರಿ ತೋರಿಸಿ ಮೆಚ್ಚಿಸುತ್ತದೆ. ಮೇ ತಿಂಗಳಲ್ಲಿ ರಾಯಚೂರಿನ 40 ಡಿಗ್ರಿ ಬಿಸಿಲಿಗೆ ಹೋದರೆ ಅದೇ ಬಾಕ್ಸಿನ ಒಳಗೆ 22.

ಈಗ ನಾಲ್ಕು ಲೀಟರ್ ನೀರಿನ ಬಾಟಲಿಗಳನ್ನು 30 ಡಿಗ್ರಿಯಿಂದ 10 ಡಿಗ್ರಿಗೆ ಇಳಿಸಬೇಕು ಅಂದುಕೊಳ್ಳಿ. ಅದಕ್ಕೆ ಆ ನೀರಿನಿಂದ ಸುಮಾರು 93 ವ್ಯಾಟ್ ಅವರ್ (ಒಂದು ವ್ಯಾಟ್ ಒಂದು ಗಂಟೆ ಹರಿದರೆ ಒಂದು ವ್ಯಾಟ್ ಅವರ್) ಬಿಸಿ ತೆಗೆಯಬೇಕು. ಪೆಲ್ಟಿಯರ್ ಗಂಟೆಗೆ 20 ತೆಗೆಯುತ್ತದೆ. ಅಷ್ಟರಲ್ಲಿ ಪೆಟ್ಟಿಗೆಯ ಗೋಡೆಯಿಂದ ಹೊಸ ಬಿಸಿ ಒಳಗೆ ಬರುತ್ತಲೇ ಇರುತ್ತದೆ. ಅದನ್ನೂ ಕಳೆದರೆ ಏಳು ಗಂಟೆ ಹೊತ್ತು ಬೇಕು. ಏಳು ಗಂಟೆ ನಿಲ್ಲದೆ 55 ವ್ಯಾಟ್ ಕೊಟ್ಟರೆ 385 ವ್ಯಾಟ್ ಅವರ್. 350 ಸಿಸಿ ಗಾಡಿಯ 8 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಒಟ್ಟು ಇರುವುದೇ 96 ವ್ಯಾಟ್ ಅವರ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದರೆ ಲೆಡ್ ಆ್ಯಸಿಡ್ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ.

ಇದೇ ಕೆಲಸವನ್ನು ಒಂದು ಕಿಲೋ ಐಸ್ ಮಾಡುತ್ತದೆ.

ನಾನು ಈ ಲೆಕ್ಕ ಮೊದಲ ಸಲ ಕಾಗದದ ಮೇಲೆ ಹಾಕಿದಾಗ ನಂಬಲಾಗದೆ ಮತ್ತೆ ಹಾಕಿದೆ. ಒಂದು ಕಿಲೋ ಐಸ್ ಕರಗಿ ನೀರಾಗಲು 334 ಕಿಲೋಜೂಲ್ ಬಿಸಿ ಹೀರುತ್ತದೆ. ವ್ಯಾಟ್ ಅವರಿಗೆ ತಿರುಗಿಸಿದರೆ 93. ನಾಲ್ಕು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಇಳಿಸಲು ಬೇಕಾದ್ದೂ 93. ಮನೆಯ ಫ್ರೀಜರಿನಲ್ಲಿ ರಾತ್ರಿ ನೀರು ತುಂಬಿಟ್ಟ ಒಂದು ಲೀಟರ್ ಬಾಟಲಿ, ಬೈಕಿನ ಕರೆಂಟಿನಲ್ಲಿ ಏಳು ಗಂಟೆ ಮಾಡಬೇಕಾದ ಕೆಲಸವನ್ನು ತನ್ನೊಳಗೆ ಹೊತ್ತುಕೊಂಡು ಬರುತ್ತದೆ. ವಯರಿಲ್ಲ, ಫ್ಯೂಸಿಲ್ಲ.

ಹಾಗಾದರೆ ಬೈಕಿನ ಕರೆಂಟು ಯಾಕೆ ಬೇಕು? ತಂಪು ಹುಟ್ಟಿಸಲು ಅಲ್ಲ, ಮನೆಯಿಂದ ತಂದ ತಂಪನ್ನು ಕಾಪಾಡಲು. ಹತ್ತು ಲೀಟರಿನ ಪೆಟ್ಟಿಗೆಗೆ ಒಂದು ಇಂಚು ದಪ್ಪ ಥರ್ಮಾಕೋಲ್ ಇದ್ದು, ಹೊರಗೆ 35 ಡಿಗ್ರಿ, ಒಳಗೆ 10 ಡಿಗ್ರಿ ಇದ್ದರೆ ಗೋಡೆಯಿಂದ ಒಳಗೆ ಸೋರುವ ಬಿಸಿ ಸುಮಾರು 14 ವ್ಯಾಟ್. ಒಂದು ಕಿಲೋ ಐಸ್ ಆರೂವರೆ ಗಂಟೆ ತಡೆಯುತ್ತದೆ. ಗೋಡೆ ಎರಡು ಇಂಚು ಆದರೆ ಸೋರಿಕೆ ಒಂಬತ್ತು ವ್ಯಾಟಿಗೆ ಇಳಿಯುತ್ತದೆ, ಅದೇ ಐಸ್ ಹತ್ತು ಗಂಟೆ ಬರುತ್ತದೆ. ಒಂದು ಇಂಚು ಥರ್ಮಾಕೋಲಿಗೆ ಖರ್ಚಾಗುವ ಹಣ ಎಷ್ಟು ಅಂತ ನಿಮಗೇ ಗೊತ್ತು. ಕೂಲರಿಗೆ ಹಣ ಹಾಕುವ ಮುಂಚೆ ಗೋಡೆಗೆ ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಮಂಗಳೂರು, ಮಲ್ಪೆ ಕಡೆ ಬೆಳಿಗ್ಗೆ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತಾ ಊರೂರು ಸುತ್ತಿ ಮೀನು ಮಾರುವವರನ್ನು ನೋಡಿ. ಬಂಗುಡೆ, ಭೂತಾಯಿ ಬೇಗ ಕೆಡುವ ಮೀನು. ಅವರ ಪೆಟ್ಟಿಗೆಯಲ್ಲಿ ಒಂದು ವಯರೂ ಇಲ್ಲ. ಪುಡಿ ಐಸು, ದಪ್ಪ ಗೋಡೆ, ಬಿಗಿ ಮುಚ್ಚಳ, ಬೇಕಾದಾಗ ಮಾತ್ರ ತೆರೆಯುವ ಕೈ. ಹಳ್ಳಿಗೆ ಲಸಿಕೆ ಒಯ್ಯುವ ಆರೋಗ್ಯ ಕಾರ್ಯಕರ್ತೆಯರ ಹೆಗಲಿನ ಡಬ್ಬಿಯೂ ಹಾಗೇ. ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಅವರು ನೇರ ಡಬ್ಬಿಗೆ ಹಾಕುವುದಿಲ್ಲ. ಹೊರಗಿಟ್ಟು, ಮೇಲೆ ಬೆವರು ಬಂದು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನುವವರೆಗೆ ಕಾಯುತ್ತಾರೆ. ಹಾಗೆ ಮಾಡದಿದ್ದರೆ ಪಕ್ಕದ ಲಸಿಕೆ ಹೆಪ್ಪುಗಟ್ಟಿ ಹಾಳಾಗಬಹುದು. ಇನ್ಸುಲಿನ್ನಿಗೂ ಇದೇ ಮಾತು. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಒಮ್ಮೆ ಹೆಪ್ಪುಗಟ್ಟಿದರೆ ಬಳಸಬಾರದು. ನಾನು ಆ ದಿನ ಪೆಲ್ಟಿಯರ್ ಬಾಕ್ಸನ್ನು ನಂಬಿದ್ದೇ ತಪ್ಪು. ಬೇಸಿಗೆಯ ಮಧ್ಯಾಹ್ನ ಘಾಟಿಯ ಬುಡದ ಗುಂಡ್ಯದ ಸೆಕೆಯಲ್ಲಿ ಅದು 8 ಡಿಗ್ರಿಗೆ ಇಳಿಯಲು ಸಾಧ್ಯವೇ ಇರಲಿಲ್ಲ.

ಮಲ್ಟಿಮೀಟರ್ ಏನು ಹೇಳುತ್ತದೆ

ಕಾಗದದ ಲೆಕ್ಕ ಎಷ್ಟು ಹಾಕಿದರೂ ಕೊನೆಗೆ ನಿಮ್ಮ ಗಾಡಿಯನ್ನೇ ಕೇಳಬೇಕು. ಅದಕ್ಕೆ ಬೇಕಾದ್ದು ಒಂದು ಮಾಮೂಲಿ ಮಲ್ಟಿಮೀಟರ್. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ.

ನನ್ನ ಗಾಡಿಯಲ್ಲಿ ಸಿಕ್ಕಿದ್ದು ಹೀಗೆ. ರಾತ್ರಿಯಿಡೀ ನಿಂತ ಗಾಡಿ, ಇಂಜಿನ್ ಆಫ್: 12.7. ತುಂಬಿದ ಬ್ಯಾಟರಿ. ಇಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಉರಿಯುತ್ತಿರುವಾಗ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ 3000 ಆರ್‌ಪಿಎಂ ಹಿಡಿದೆ: 14.1. ನನ್ನ ತಮ್ಮ ಕೂಲರಿನ ಸ್ವಿಚ್ ಒತ್ತಿದ. ಅಂಕಿ 13.9ಕ್ಕೆ ಇಳಿದು ಒಮ್ಮೆ ತಡವರಿಸಿ 13.8ರಲ್ಲಿ ನಿಂತಿತು. ಎರಡು ನಿಮಿಷ ಹಿಡಿದೆ, ಅಲ್ಲಾಡಲಿಲ್ಲ. ಖುಷಿಯಾಯಿತು. ಆಮೇಲೆ ಆಕ್ಸಿಲರೇಟರ್ ಬಿಟ್ಟೆ. ಇಂಜಿನ್ ಐಡಲಿಗೆ ಬಂತು. 13.1. 12.9. 12.7. ನೋಡುತ್ತಿದ್ದ ಹಾಗೆ 12.5. ಕೂಲರಿನ ಫ್ಯಾನಿನ ಸದ್ದು ಅಷ್ಟೇ ಇತ್ತು, ಹೆಡ್‌ಲೈಟ್ ಕಣ್ಣಿಗೆ ಅಷ್ಟೇ ಬೆಳಕಾಗಿ ಕಾಣುತ್ತಿತ್ತು. ಮೀಟರ್ ಇರದಿದ್ದರೆ ಬ್ಯಾಟರಿ ಸೋರುತ್ತಿದೆ ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ.

ಇದನ್ನು ಓದುವುದು ಸುಲಭ. ಕೂಲರ್ ಆನ್ ಇದ್ದು, ಗಾಡಿ ಓಡುವ ವೇಗದಲ್ಲಿ 13.5ರ ಮೇಲೆ ನಿಂತರೆ ಸ್ಟೇಟರ್ ಎರಡನ್ನೂ ಸಾಕುತ್ತಿದೆ. 13ರ ಆಸುಪಾಸಿಗೆ ಬಂದರೆ ಕಷ್ಟದಲ್ಲಿದೆ. 12.8ರ ಕೆಳಗೆ ಹೋದರೆ ಕರೆಂಟು ಬರುತ್ತಿರುವುದು ಬ್ಯಾಟರಿಯ ಜೇಬಿನಿಂದ. ಹಾಗಿದ್ದರೆ ಆ ಕೂಲರ್ ಆ ಗಾಡಿಗೆ ಅಲ್ಲ. ಇಂಜಿನ್ನಿನ ಅಶ್ವಶಕ್ತಿ ಎಷ್ಟಿದ್ದರೂ ಈ ಉತ್ತರ ಬದಲಾಗುವುದಿಲ್ಲ. ಹ್ಯಾಂಡಲಿಗೆ ಕಟ್ಟುವ ಪುಟ್ಟ ವೋಲ್ಟ್ ಮೀಟರುಗಳು ಈಗ ಅಗ್ಗಕ್ಕೆ ಸಿಗುತ್ತವೆ. ದೂರ ಹೋಗುವವರು ಒಂದನ್ನು ಹಾಕಿಕೊಂಡರೆ ಕೂಲರ್ ಇರಲಿ ಬಿಡಲಿ, ರೆಗ್ಯುಲೇಟರ್ ಕೆಡುವ ಮುನ್ಸೂಚನೆಯೂ ಸಿಗುತ್ತದೆ.

ವಯರು ಎಳೆಯುವಾಗ

ಫ್ಯೂಸ್ ಇಲ್ಲದೆ ಬ್ಯಾಟರಿಗೆ ಯಾವ ವಯರನ್ನೂ ಕಟ್ಟಬೇಡಿ. ಇದೊಂದನ್ನು ಎಷ್ಟು ಸಲ ಹೇಳಿದರೂ ಸಾಲದು. ಸೀಟಿನ ಕೆಳಗೆ ವಯರು ಚೌಕಟ್ಟಿನ ಅಂಚಿಗೆ ಉಜ್ಜುತ್ತದೆ. ಗಾಡಿ ನಡುಗುತ್ತಲೇ ಇರುತ್ತದೆ. ಸಾವಿರಾರು ಕಿಲೋಮೀಟರ್ ಆದ ಮೇಲೆ ಒಂದು ದಿನ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಬ್ಬಿಣಕ್ಕೆ ತಾಗುತ್ತದೆ. ಅಷ್ಟು ಪುಟ್ಟ ಬ್ಯಾಟರಿಯೂ ಶಾರ್ಟ್ ಆದಾಗ ನೂರು ಆಂಪಿಯರಿಗೂ ಮೇಲೆ ದೂಡಬಲ್ಲದು. ವಯರು ಕೆಂಡದಂತೆ ಕೆಂಪಾಗುತ್ತದೆ. ಒಂದು ಮೊಳ ಮುಂದೆ ಪೆಟ್ರೋಲ್ ಟ್ಯಾಂಕ್ ಇದೆ. ಐದು ಆಂಪಿಯರ್ ಎಳೆಯುವ ಕೂಲರಿಗೆ 7.5 ಅಥವಾ 10 ಆಂಪಿಯರಿನ ಬ್ಲೇಡ್ ಫ್ಯೂಸ್ ಸಾಕು. ಅದು ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣು ದೂರದ ಒಳಗೆ ಇರಬೇಕು. ಕೂಲರಿನ ಹತ್ತಿರ ಹಾಕಿದರೆ ಪ್ರಯೋಜನವಿಲ್ಲ, ಫ್ಯೂಸ್ ಕಾಯುವುದು ತನ್ನಿಂದ ಮುಂದಿನ ವಯರನ್ನು ಮಾತ್ರ.

ವಯರಿನ ದಪ್ಪಕ್ಕೂ ಲೆಕ್ಕ ಇದೆ. ಬ್ಯಾಟರಿಯಿಂದ ಕೂಲರಿಗೆ ಹೋಗಿ ವಾಪಸ್ ಬರಲು ಮೂರು ಮೀಟರ್ ವಯರು ಬೇಕು ಅಂದುಕೊಳ್ಳಿ. ಸ್ಪೀಕರಿಗೆ ಹಾಕುವಂಥ 0.5 ಚದರ ಮಿಲಿಮೀಟರಿನ ತೆಳು ವಯರಾದರೆ ಐದು ಆಂಪಿಯರಿಗೆ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 2.5 ಚದರ ಮಿಲಿಮೀಟರಿನದ್ದಾದರೆ ಹತ್ತನೇ ಒಂದು ವೋಲ್ಟ್. ಅದಕ್ಕಿಂತ ಹೆಚ್ಚು ಕಾಟ ಕೊಡುವುದು ಜಾಯಿಂಟುಗಳು. ಹಲ್ಲಿನಲ್ಲಿ ಪ್ಲಾಸ್ಟಿಕ್ ಕಿತ್ತು, ತಿರುಚಿ, ಕಪ್ಪು ಟೇಪ್ ಸುತ್ತಿದ ಜಾಯಿಂಟು ಮನೆಯಲ್ಲಿ ವರ್ಷಗಟ್ಟಲೆ ಬರಬಹುದು. ಬೈಕಿನಲ್ಲಿ ಮಳೆ, ನಡುಕ, ಧೂಳು ಸೇರಿ ಅದನ್ನು ಒಂದೇ ಮಳೆಗಾಲದಲ್ಲಿ ಹಸಿರು ಪುಡಿ ಮಾಡುತ್ತವೆ. ಕ್ರಿಂಪ್ ಮಾಡಿದ (ಇಕ್ಕಳದಿಂದ ಒತ್ತಿ ಕೂರಿಸಿದ) ಲಗ್ಗು, ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ತೋಳು ಹಾಕಿಸಿ. ಮೈನಸ್ ವಯರನ್ನೂ ಚೌಕಟ್ಟಿನ ಯಾವುದೋ ಬೋಲ್ಟಿಗೆ ಸಿಕ್ಕಿಸದೆ ನೇರ ಬ್ಯಾಟರಿಗೆ ತನ್ನಿ.

ಗಾಡಿಯ ಮೂಲ ವಯರಿಂಗನ್ನು ಕತ್ತರಿಸಬೇಡಿ. ವಾರಂಟಿ ಹೋಗುತ್ತದೆ, ಆಮೇಲೆ ಇಂಜೆಕ್ಷನ್ ಗಾಡಿಯಲ್ಲಿ ಏನೇ ಸಣ್ಣ ತೊಂದರೆ ಬಂದರೂ ಹುಡುಕುವುದು ಕಷ್ಟವಾಗುತ್ತದೆ. ಹ್ಯಾಂಡಲಿನ ಪಕ್ಕ ಕಂಪನಿಯೇ ಕೊಟ್ಟ ಯುಎಸ್‌ಬಿ ಇದೆಯಲ್ಲ ಅಂತ ಕೇಳಿದವರಿದ್ದಾರೆ. ಅದು ಸಾಮಾನ್ಯವಾಗಿ ಕೊಡುವುದು ಹತ್ತು ಹದಿನೈದು ವ್ಯಾಟ್, ಮೊಬೈಲಿಗೆ ಮಾತ್ರ. ಇನ್ವರ್ಟರ್ ಹಾಕಿ 230 ವೋಲ್ಟ್ ಮಾಡಿ ಮನೆಯ ಪ್ಲಗ್ಗಿನಿಂದ ಕೂಲರ್ ನಡೆಸುವವರೂ ಇದ್ದಾರೆ. 12 ವೋಲ್ಟನ್ನು ಏರಿಸಿ ಮತ್ತೆ 12ಕ್ಕೆ ಇಳಿಸುವುದು, ಎರಡು ಕಡೆಯೂ ನಷ್ಟ.

ನನ್ನ ಸಕಲೇಶಪುರದ ತಪ್ಪಿಗೆ ಮದ್ದು ರಿಲೇ, ಅಂದರೆ ಸಣ್ಣ ಕರೆಂಟು ಕೊಟ್ಟಾಗ ದೊಡ್ಡ ಕರೆಂಟನ್ನು ತಾನೇ ಆನ್ ಮಾಡುವ ಸ್ವಿಚ್ಚು. ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ನಾಲ್ಕು ಕಾಲಿನ 12 ವೋಲ್ಟಿನ ಆಟೋ ರಿಲೇ ಕೇಳಿ, ಹಾರ್ನಿಗೆ ಹಾಕುವಂಥದ್ದು. ಕಾಲುಗಳ ಮೇಲೆ 30, 87, 85, 86 ಅಂತ ಕೊರೆದಿರುತ್ತದೆ. ಫ್ಯೂಸ್ ದಾಟಿ ಬಂದ ಬ್ಯಾಟರಿಯ ಪ್ಲಸ್ 30ಕ್ಕೆ, ಕೂಲರಿಗೆ ಹೋಗುವ ವಯರು 87ಕ್ಕೆ. 86ಕ್ಕೆ ಚಾವಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಯಾವುದಾದರೂ ಎಳೆ, ಟೇಲ್ ಲೈಟಿನದ್ದು ಅನುಕೂಲ, ಕತ್ತರಿಸದೆ ಅದರ ಕನೆಕ್ಟರಿನಿಂದ ತೆಗೆದುಕೊಳ್ಳಬಹುದು. 85 ಮೈನಸ್ಸಿಗೆ. ರಿಲೇ ತಾನೇ ತಿನ್ನುವುದು ಎರಡು ವ್ಯಾಟಿನಷ್ಟು. ಚಾವಿ ತೆಗೆದರೆ ಕೂಲರ್ ಆಫ್. ಮರೆಯುವ ಪ್ರಶ್ನೆಯೇ ಇಲ್ಲ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ ವೋಲ್ಟೇಜ್ ನೋಡಿ ತಾನೇ ಕೂಡಿಸುವ, ಬಿಡಿಸುವ ರಿಲೇಗಳಿವೆ. ಬ್ಯಾಟರಿ 13.3 ದಾಟಿದರೆ ಕೂಲರಿಗೆ ಕರೆಂಟು ಬಿಡುತ್ತದೆ, 12.8ಕ್ಕೆ ಇಳಿದರೆ ಕಟ್ ಮಾಡುತ್ತದೆ. ಟ್ರಾಫಿಕ್ಕಿನಲ್ಲಿ ಐಡಲ್ ಆದಾಗ ಕೂಲರ್ ನಿಲ್ಲುತ್ತದೆ, ರಸ್ತೆ ಸಿಕ್ಕಿದಾಗ ಮತ್ತೆ ಶುರುವಾಗುತ್ತದೆ. ನಾನು ಈಗ ಹಾಕಿಸಿರುವುದು ಇದನ್ನೇ. ಕೂಲರಿನಲ್ಲೇ ಲೋ ಬ್ಯಾಟರಿ ಕಟ್ ಆಫ್ ಇದೆ ಅಂತ ಡಬ್ಬದ ಮೇಲೆ ಬರೆದಿದ್ದರೆ ಅದನ್ನು ನಂಬಿ ಕೂರಬೇಡಿ. ಅವು ಕಾರಿನ ದೊಡ್ಡ ಬ್ಯಾಟರಿಯ ಲೆಕ್ಕದಲ್ಲಿ ಹತ್ತು ಹನ್ನೊಂದು ವೋಲ್ಟಿಗೆ ಕಟ್ ಆಗುತ್ತವೆ. ಬೈಕಿನ ಬ್ಯಾಟರಿ ಅಷ್ಟು ಇಳಿಯುವ ಹೊತ್ತಿಗೆ ಸೆಲ್ಫ್ ತಿರುಗುವುದಿಲ್ಲ.

ಪೆಲ್ಟಿಯರ್ ಬಾಕ್ಸಿಗೆ ಒಂದು ಕೆಟ್ಟ ಗುಣ ಇದೆ, ಅಂಗಡಿಯವರು ಹೇಳುವುದಿಲ್ಲ. ಕರೆಂಟು ನಿಂತ ಕೂಡಲೇ ಅದೇ ಬಿಲ್ಲೆ ಬಿಸಿಯ ಸೇತುವೆಯಾಗುತ್ತದೆ. ಹೊರಗಿನ ಬಿಸಿ ಹೀಟ್ ಸಿಂಕ್ ಅದರ ಮೂಲಕ ಪೆಟ್ಟಿಗೆಯೊಳಗೆ ಬಿಸಿ ತುಂಬುತ್ತದೆ. ಗೋಡೆಗೆ ಥರ್ಮಾಕೋಲ್ ಇದೆ, ಬಿಲ್ಲೆ ಇರುವ ಜಾಗದಲ್ಲಿ ಇರುವುದು ಅಲ್ಯೂಮಿನಿಯಂ. ಅದಕ್ಕೇ ಆಫ್ ಆದ ಪೆಲ್ಟಿಯರ್ ಬಾಕ್ಸು ಮಾಮೂಲಿ ಐಸ್ ಬಾಕ್ಸಿಗಿಂತ ಬೇಗ ಬೆಚ್ಚಗಾಗುತ್ತದೆ. ಗಾಡಿ ನಿಲ್ಲಿಸಿ ಊಟಕ್ಕೆ ಹೋಗುವಾಗ ನೆರಳಿನಲ್ಲಿ ನಿಲ್ಲಿಸಿ, ಫ್ಯಾನಿನ ಕಡೆಗೆ ಬಿಸಿಲು ಬೀಳದ ಹಾಗೆ. ಕಟ್ಟುವಾಗಲೂ ಆ ಫ್ಯಾನಿನ ಜಾಲರಿ ಬ್ಯಾಗಿಗೆ ಒತ್ತಬಾರದು, ಸೈಲೆನ್ಸರಿನ ಮೇಲಕ್ಕೆ ಬರಬಾರದು. 75 ವ್ಯಾಟ್ ಬಿಸಿ ಹೊರಗೆ ಹೋಗಲು ದಾರಿ ಸಿಗದಿದ್ದರೆ ಅದು ಒಳಗೇ ವಾಪಸ್ ಬರುತ್ತದೆ. ಜಾಲರಿಯ ಧೂಳನ್ನು ಆಗಾಗ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ.

ಕಂಪ್ರೆಸರ್ ಫ್ರಿಜ್ಜು ಬೇಕು ಅನ್ನುವವರಿಗೆ ಹೇಳುವುದಿಷ್ಟು. ಅದು ಒಳ್ಳೆಯದು, ಎಷ್ಟೇ ಬಿಸಿಲಿದ್ದರೂ 4 ಡಿಗ್ರಿಗೆ ಇಳಿಸುತ್ತದೆ. ಒಮ್ಮೆ ತಣ್ಣಗಾದ ಮೇಲೆ ನಿಂತು ನಿಂತು ಓಡುವುದರಿಂದ ಸರಾಸರಿ 20 ವ್ಯಾಟಿನ ಆಸುಪಾಸು ಸಾಕಾಗುತ್ತದೆ. ಆದರೆ ಹತ್ತು ಕಿಲೋ ತೂಕ ಸೀಟಿನ ತುದಿಯಲ್ಲಿ ಕೂತರೆ ಘಾಟಿಯ ತಿರುವಿನಲ್ಲಿ ಗಾಡಿ ಬೇರೆಯೇ ಥರ ನಡೆದುಕೊಳ್ಳುತ್ತದೆ. ಬೆಲೆಯೂ ಜಾಸ್ತಿ. ಅಂಥದ್ದನ್ನು ತೆಗೆದುಕೊಂಡರೆ ಬೈಕಿನ ಬ್ಯಾಟರಿಗೆ ಕಟ್ಟುವ ಬದಲು ಒಂದು ಬೇರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಜೊತೆಗಿಟ್ಟುಕೊಳ್ಳಿ. 20 ಆಂಪಿಯರ್ ಅವರಿನದ್ದು ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ, 250 ವ್ಯಾಟ್ ಅವರ್ ಕೊಡುತ್ತದೆ. ಬೆಳಗಿನಿಂದ ಸಂಜೆವರೆಗೆ ಸಾಕು. ರಾತ್ರಿ ಲಾಡ್ಜಿನಲ್ಲಿ ಚಾರ್ಜ್ ಹಾಕಿ. ಗಾಡಿಯ ಬ್ಯಾಟರಿ ಗಾಡಿಗೇ ಇರಲಿ. ಹಣ ಇದ್ದವರಿಗೆ ಇದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ.

ಕಳೆದ ಬೇಸಿಗೆಯಲ್ಲಿ ಮತ್ತೆ ಅದೇ ದಾರಿಯಲ್ಲಿ ಸುಳ್ಯಕ್ಕೆ ಹೋದೆ. ರಾತ್ರಿಯೇ ಕೂಲರನ್ನು ಮನೆಯ ಪ್ಲಗ್ಗಿಗೆ ಹಾಕಿ ತಣ್ಣಗೆ ಮಾಡಿದ್ದೆ. ಮೊಸರು, ನೀರು ಫ್ರಿಜ್ಜಿನಿಂದ ನೇರ ಅದಕ್ಕೆ. ಇನ್ಸುಲಿನ್ ಮಾತ್ರ ಬೇರೆ. ದಪ್ಪ ಗೋಡೆಯ ಚಿಕ್ಕ ಡಬ್ಬಿಯಲ್ಲಿ ಬೆವರು ಬಂದ ಎರಡು ಐಸ್ ಪ್ಯಾಕ್, ನಡುವೆ ಟವೆಲ್ಲಿನಲ್ಲಿ ಸುತ್ತಿದ ಔಷಧಿ, ಪಕ್ಕದಲ್ಲಿ ಪುಟ್ಟ ಥರ್ಮಾಮೀಟರ್. ಸಕಲೇಶಪುರದಲ್ಲಿ ತಿಂಡಿ ತಿಂದು ಬಂದು ಚಾವಿ ತಿರುಗಿಸಿದಾಗ ಕೂಲರಿನ ಫ್ಯಾನ್ ಸುಮ್ಮನಿತ್ತು. ಇಂಜಿನ್ ಎದ್ದು ಹೈವೇಗೆ ಬಂದ ಸ್ವಲ್ಪ ಹೊತ್ತಿಗೆ ಹ್ಯಾಂಡಲಿನ ಮೀಟರು 13.3 ತೋರಿಸಿತು, ಬೆನ್ನ ಹಿಂದೆ ರಿಲೇ ಟಕ್ ಅಂತು, ಫ್ಯಾನ್ ತಿರುಗತೊಡಗಿತು. ಮಧ್ಯಾಹ್ನ ಎರಡು ಗಂಟೆಗೆ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಡಬ್ಬಿ ತೆರೆದಾಗ ಥರ್ಮಾಮೀಟರಿನಲ್ಲಿ 6 ಡಿಗ್ರಿ ಇತ್ತು. ಐಸ್ ಪ್ಯಾಕ್ ಅಲ್ಲಾಡಿಸಿ ನೋಡಿದೆ. ಅರ್ಧ ಇನ್ನೂ ಗಟ್ಟಿಯಾಗೇ ಇತ್ತು.